ಮೊಂತಿ ಫೆಸ್ತಿನ ವಾರ, ಏಳನೇ ಕ್ಲಾಸಿನ ಪ್ರಾರ್ಥನೆಗಳು

4 ಸೆಪ್ಟೆಂಬರ್ 2025, ಗುರುವಾರ

ಇವತ್ತು ನೊವೆನಾದ, ಅಂದ್ರೆ ಹಬ್ಬಕ್ಕೆ ಮೊದ್ಲಿನ ಒಂಬತ್ತು ದಿನದ ಪ್ರಾರ್ಥನೆಯ, ಆರನೇ ದಿನ. ಸೋಮವಾರ ಮೊಂತಿ ಫೆಸ್ತ್, ನಮ್ಮ ಕರಾವಳಿಯ ಕ್ಯಾಥೊಲಿಕರು ಆಚರಿಸುವ ಮರಿಯಮ್ಮನ ಹುಟ್ಟುಹಬ್ಬ. ಬೆಳಿಗ್ಗೆ ಗೇಟಿನಿಂದ್ಲೇ ಮಕ್ಕಳ ಕೈಯಲ್ಲಿ ಹೂವು, ದಾಸವಾಳ, ಅಬ್ಬಲಿಗೆ, ಹೆಸರೇ ಗೊತ್ತಿಲ್ಲದ ಕಾಡುಹೂವುಗಳು, ಮಳೆಗೆ ನೆನೆದು ತೊಟ್ಟೆಯೊಳಗೆ ಮುದ್ದೆ ಆದದ್ದೂ ಉಂಟು, ಎಲ್ಲ ಬಾಲೆ ಮರಿಯಮ್ಮನ ಪಾದಕ್ಕೆ. ಈ ಹೂವಿನ ಹಬ್ಬವನ್ನು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಲ್ಲಿ ಫಾದರ್ ಜೋಕಿಂ ಮಿರಾಂದ ಶುರು ಮಾಡಿದ್ದು ಅಂತ ನಮ್ಮ ಹಿರಿಯರು ಹೇಳ್ತಾ ಬಂದಿದ್ದಾರೆ. ಬೇರೆ ಧರ್ಮದ ಮಕ್ಕಳೂ ಕೆಲವರು ಹೂ ತರ್ತಾರೆ, ಇಷ್ಟ ಇದ್ದವರು ಮಾತ್ರ. ಒತ್ತಾಯ ಮಾಡ್ಲಿಕ್ಕೇ ಬಾರದು, ಸಂವಿಧಾನದ 28ನೇ ವಿಧಿಯಲ್ಲೂ ಅದೇ ಇರೋದು. ನಮ್ಮ ಮಕ್ಕಳು ಕ್ಯಾಟೆಕಿಸಂಗೆ, ಅಂದ್ರೆ ಕ್ರೈಸ್ತ ಧರ್ಮದ ಪಾಠಕ್ಕೆ, ಬರುವ ಪೀರಿಯಡ್‌ನಲ್ಲಿ ಅವರಿಗೆ ಮೌಲ್ಯಶಿಕ್ಷಣ.

ಶನಿವಾರ ಶಾಲೆಯ ಬಲಿಪೂಜೆ. ವಿಶ್ವಾಸಿಗಳ ಪ್ರಾರ್ಥನೆ, ಅಂದ್ರೆ ಪೂಜೆಯ ನಡುವೆ ಎಲ್ಲರ ಪರವಾಗಿ ಓದುವ ಬೇಡಿಕೆಗಳನ್ನು, ಬರೆಯುವ ಕೆಲಸ ಏಳನೇ ಕ್ಲಾಸಿಗೆ ಬಂದಿದೆ. ಹಳೇ ಫೈಲ್ ಉಂಟು, ಅದ್ರಿಂದ ಕಾಪಿ ಮಾಡಿದ್ರೆ ಐದು ನಿಮಿಷದ ಕೆಲಸ, ಮಕ್ಕಳು ಮೊದ್ಲು ಹಾಗೇ ಮಾಡಿದ್ದು, ಎಲ್ಲ ಚೀಟಿಯಲ್ಲೂ ವಿಶ್ವಶಾಂತಿ. ನಾನು ಕ್ರಮ ಬಿಡ್ಲಿಲ್ಲ, ಮೊದ್ಲು ಇಡೀ ಕ್ರೈಸ್ತ ಧರ್ಮಸಭೆಗೆ, ಆಮೇಲೆ ನಾಡು ಆಳುವವರಿಗೆ, ಕಷ್ಟದಲ್ಲಿರುವವರಿಗೆ, ಕೊನೆಗೆ ನಮ್ಮ ಊರಿಗೆ, ಅದು ಪೂಜೆಯ ಕ್ರಮ. ಆದ್ರೆ ಫೈಲ್ ಮುಚ್ಚಿ ಎರಡು ನಿಮಿಷ ಸುಮ್ನೆ ಕೂತು ನಿಮ್ಗೆ ಈಗ ದೇವರ ಹತ್ರ ಏನು ಕೇಳ್ಲಿಕ್ಕುಂಟೋ ಅದು ಬರೀರಿ ಅಂದೆ. ಒಬ್ಬಳು ಬರೆದದ್ದು: "ಅಡಿಕೆಗೆ ಕೊಳೆರೋಗ ಬಂದಿದೆ. ಮದ್ದು ಬಿಡ್ಲಿಕ್ಕೆ ಜನ ಸಿಗ್ಲಿ. ಪಪ್ಪ ರಾತ್ರಿ ಊಟ ಮಾಡುವಾಗ ಮಾತಾಡುದಿಲ್ಲ, ಅವರು ಮಾತಾಡ್ಲಿ." ಓದಿ ನಂಗೆ ಸ್ವಲ್ಪ ಹೊತ್ತು ಏನೂ ಹೇಳ್ಲಿಕ್ಕಾಗ್ಲಿಲ್ಲ.

ಸ್ಟಾಫ್ ರೂಮಲ್ಲಿ ಇದೆಲ್ಲ ಪೂಜೆಗೆ ಸ್ಟ್ಯಾಂಡರ್ಡ್ ಆಗೋದಿಲ್ಲ ಅಂದ್ರು ಒಬ್ರು. ನಂಗೆ ಒಪ್ಪಿಗೆ ಇಲ್ಲ. ಬಾಯಿಪಾಠದ ಪ್ರಾರ್ಥನೆ ಬೇಕೇ ಬೇಕು, ಪರಲೋಕದಲ್ಲಿರುವ ಓ ನಮ್ಮ ತಂದೆಯೇ, ನಮೋ ಮರಿಯಾ, ಮನೆಯಲ್ಲಿ ರಾತ್ರಿಯ ತೇರ್ಸ್ ಅಂದ್ರೆ ಜಪಮಾಲೆ, ಮಾತೇ ಬಾರದ ದಿನ ಕೈ ಹಿಡಿಯೋದು ಅದೇ. ಧರ್ಮಸಭೆಯ 1992ರ ಕ್ಯಾಟೆಕಿಸಂ ಪುಸ್ತಕದ ನಾಲ್ಕನೇ ಭಾಗ ಪೂರ್ತಿ ಪ್ರಾರ್ಥನೆ ಬಗ್ಗೆ, ಅದು ಮುಗಿಯೋದೂ ಯೇಸು ಕಲಿಸಿದ ಆ ಪ್ರಾರ್ಥನೆಯಲ್ಲೇ. ಆದ್ರೆ ಅದೇ ಪ್ರಾರ್ಥನೆಯಲ್ಲಿ ದಿನದ ರೊಟ್ಟಿಯನ್ನೂ ಕೇಳ್ತೇವಲ್ಲ, ನಮ್ಮ ಕಡೆ ದಿನದ ರೊಟ್ಟಿ ಅಂದ್ರೆ ಅಡಿಕೆಯೇ. ಕ್ಯಾಟೆಕಿಸಂ ಪರೀಕ್ಷೆಯಲ್ಲಿ ತೊಂಬತ್ತು ಮಾರ್ಕ್ಸ್ ತೆಗೆದ ಮಗು ಮನೆಯ ಕಷ್ಟವನ್ನ ದೇವರ ಹತ್ರ ಹೇಳ್ಲಿಕ್ಕೆ ಕಲಿಯದಿದ್ರೆ ನಾವು ಕಲಿಸಿದ್ದಾದ್ರೂ ಏನು?

ಭಾನುವಾರ ರೋಮ್‌ನಲ್ಲಿ ಪೋಪ್ ಲಿಯೋ ಅವರು ಕಾರ್ಲೊ ಅಕುಟಿಸ್‌ನನ್ನು ಸಂತ ಅಂತ ಘೋಷಿಸ್ತಾರೆ. 2006ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡಾಗ ಅವನಿಗೆ 15 ವರ್ಷ, ಪೂಜೆಯಲ್ಲಿ ಕೊಡುವ ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ ಹುಡುಗ. ಅವನು ಗೇಮ್ ಆಡ್ತಿದ್ನಾ ಟೀಚರ್ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಆಡ್ತಿದ್ದ, ದಿನಾ ಪೂಜೆಗೂ ಹೋಗ್ತಿದ್ದ ಅಂದೆ, ಮುಂದೆ ಇಡೀ ಪೀರಿಯಡ್ ಅವನದ್ದೇ ಆಯ್ತು.

ಬೆಲ್ ಆದ ಮೇಲೆ ಆ ಹುಡುಗಿಯನ್ನು ಕರೆದು ನಿನ್ನ ಚೀಟಿ ಓದ್ಬಹುದಾ ಅಂತ ಕೇಳ್ದೆ. ಯೋಚನೆ ಮಾಡಿ, ಮದ್ದಿನದ್ದು ಓದಿ ಟೀಚರ್, ಪಪ್ಪನದ್ದು ಬೇಡ, ಅದು ನಾನೇ ಹೇಳ್ತೇನೆ ಅಂದ್ಲು. ನಾಳೆ ರಜೆ, ಹಾಗಾಗಿ ಈಗ್ಲೇ ಫಾದರ್‌ಗೆ ಫೋನ್ ಮಾಡಿ ಹೇಳ್ಬೇಕು, ಪಟ್ಟಿ ಸ್ವಲ್ಪ ಉದ್ದ ಆಗಿದೆ, ಒಂದನ್ನೂ ಕಟ್ ಮಾಡ್ಲಿಕ್ಕೆ ನಂಗೆ ಮನಸ್ಸಿಲ್ಲ.