ಅಮೆರಿಕಕ್ಕೆ ಹೋಗಿ ಎನ್‌ಎಸ್‌ಎಸ್ ಮಾಡಿ ಬಂದೆಯಾ?

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಕಾದಿರುತ್ತದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಒಬ್ಬರು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಳೇ ಮೇಷ್ಟ್ರು ಇನ್ನೊಬ್ಬರು. ‘ನೀನು ಓದಿದ್ದು ಯಾವುದೋ ಕ್ವೇಕರ್ ಕಾಲೇಜಂತೆ, ಅಲ್ಲಿ ಸಮಾಜಸೇವೆ ಜಾಸ್ತಿಯಂತೆ. ನಮ್ಮ ಎನ್‌ಎಸ್‌ಎಸ್ ಥರಾನೇ ಅಲ್ವಾ? ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?’ ನಮ್ಮ ಚಿಕ್ಕಮ್ಮನ ಮಾತು ಇನ್ನೂ ನೇರ. ‘ಅಷ್ಟೊಂದು ದುಡ್ಡು ಸುರಿದು ಕಂಡವರ ಮನೆ ಗುಡಿಸಿ ಬಂದ್ಯಲ್ಲೇ!’

ಮೊದಲು ಓಟ್ಸ್ ವಿಷಯ ಮುಗಿಸಿಬಿಡೋಣ, ಯಾಕಂದರೆ ಕ್ವೇಕರ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆ ಡಬ್ಬಿಯೇ. ಕ್ವೇಕರ್ ಅನ್ನುವುದು ಒಂದು ಕ್ರೈಸ್ತ ಪಂಥ, ಡಬ್ಬಿಗೂ ಪಂಥಕ್ಕೂ ಸಂಬಂಧವಿಲ್ಲ. ಕ್ವೇಕರರು ಮೋಸ ಮಾಡುವುದಿಲ್ಲ ಎಂಬ ಹೆಸರಿತ್ತು. 1877ರಲ್ಲಿ ಒಹಾಯೋದ ಒಂದು ಓಟ್ಸ್ ಗಿರಣಿ ಆ ಹೆಸರನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿತು, ಅಷ್ಟೇ.

ಪಂಥ ಹುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ, ಜಾರ್ಜ್ ಫಾಕ್ಸ್ ಎಂಬಾತನಿಂದ. ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ನಡುವೆ ದಲ್ಲಾಳಿ ಬೇಡ ಅನ್ನುವುದು ಅವರ ನಂಬಿಕೆ. ಹಳೇ ಪದ್ಧತಿಯ ಸಭೆಗಳಲ್ಲಿ ಪಾದ್ರಿ ಇರುವುದಿಲ್ಲ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಿ ಕೂರುತ್ತಾರೆ. ಆಗಿನ ಇಂಗ್ಲಿಷಿನಲ್ಲೂ ನಮ್ಮ ನೀನು-ನೀವು ಥರ ಎರಡು ಮಾತಿದ್ದವು. ಇವರು ನ್ಯಾಯಾಧೀಶನಿಗೂ ‘ನೀನು’ ಅಂದರು, ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಬರೀ ಇದಕ್ಕೇ ಜೈಲು ಕಂಡವರಿದ್ದಾರೆ.

ಆ ಹಳೇ ಹಟದ ಬಾಲ ನನ್ನ ಕಾಲೇಜಿನಲ್ಲೂ ಉಳಿದಿತ್ತು. ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೊ ಊರಿನ ಗಿಲ್ಫರ್ಡ್ ಕಾಲೇಜು ಅದು. ಅಲ್ಲಿ ಪ್ರೊಫೆಸರನ್ನು ಹೆಸರು ಹಿಡಿದೇ ಕರೆಯಬೇಕು. ಸರ್ ಇಲ್ಲ, ಮೇಡಂ ಇಲ್ಲ. ಮೊದಲ ಒಂದು ತಿಂಗಳು ನಾನು ಯಾರನ್ನೂ ಕರೆಯಲೇ ಇಲ್ಲ. ಹತ್ತಿರ ಹೋಗಿ ನಿಂತು, ಅವರು ತಿರುಗಿ ನೋಡುವ ತನಕ ಕೆಮ್ಮುತ್ತಿದ್ದೆ.

ಕಾಲೇಜು ಶುರುವಾದದ್ದು 1837ರಲ್ಲಿ, ಹುಡುಗರು ಹುಡುಗಿಯರು ಇಬ್ಬರೂ ಓದುವ ಕ್ವೇಕರ್ ವಸತಿ ಶಾಲೆಯಾಗಿ. ಹಿಂದೆಯೇ ಕಾಡಿದೆ. ಗುಲಾಮಗಿರಿಯ ಕಾಲದಲ್ಲಿ ತಪ್ಪಿಸಿಕೊಂಡು ಬಂದವರು ಅಡಗುತ್ತಿದ್ದ ಕಾಡು. ಗುಲಾಮರು ತಪ್ಪಿಸಿಕೊಳ್ಳಲು ನೆರವಾಗುತ್ತಿದ್ದ ಕ್ವೇಕರ್ ಲೆವಿ ಕಾಫಿನ್ ಹುಟ್ಟಿದ್ದು ಇಲ್ಲೇ. 1821ರಲ್ಲಿ ಆತ ಮತ್ತು ಸೋದರಸಂಬಂಧಿ ವೆಸ್ಟಲ್ ಸೇರಿ ಗುಲಾಮರಿಗೆ ಓದು ಕಲಿಸಲು ಭಾನುವಾರದ ಶಾಲೆ ತೆರೆದರು. ಒಡೆಯರು ಅದನ್ನು ಮುಚ್ಚಿಸಿದರು. ಕಾಡಿನ ಕಥೆ ಹೇಳುವವರು ಇನ್ನೊಂದನ್ನೂ ಹೇಳಬೇಕು: ಇದೇ ಕಾಲೇಜು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದು 1962ರಲ್ಲಿ. ಅದೇ ಊರಿನಲ್ಲಿ ಬಿಳಿಯರಿಗೆ ಮಾತ್ರ ಬಡಿಸುತ್ತಿದ್ದ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಕೂತು ಪ್ರತಿಭಟಿಸಿ ಎರಡು ವರ್ಷವಾದ ಮೇಲೆ. ಅಡಗಿಸಿಡಲು ಜಾಗ ಕೊಡುವುದೇ ಬೇರೆ, ಪಕ್ಕದ ಬೆಂಚಿನಲ್ಲಿ ಕೂರಿಸಿಕೊಳ್ಳುವುದೇ ಬೇರೆ ಅಂತ ಕಾಣುತ್ತದೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ವೇಕರರಿಗೆ ಸೇವೆಯ ಗೀಳು ಹತ್ತಿದ್ದರಲ್ಲಿ ಯುದ್ಧದ ಪಾಲೂ ಇದೆ. ಕೊಲ್ಲುವುದಿಲ್ಲ ಅಂದ ಮೇಲೆ ಯುದ್ಧ ಬಂದಾಗ ಏನು ಮಾಡುವುದು? 1917ರಲ್ಲಿ ಅವರು ಒಂದು ಸೇವಾ ಸಮಿತಿ ಕಟ್ಟಿದರು. ಹ್ಯಾವರ್‌ಫರ್ಡ್ ಎಂಬ ಇನ್ನೊಂದು ಕ್ವೇಕರ್ ಕಾಲೇಜಿನಲ್ಲಿ ಹುಡುಗರಿಗೆ ತರಬೇತಿ ಕೊಟ್ಟು ಫ್ರಾನ್ಸಿನಲ್ಲಿ ಮನೆ ಕಟ್ಟಲು ಕಳಿಸಿದರು. ಮುಂದೆ, 1947ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿಯನ್ನು ಆ ಸಮಿತಿ ಮತ್ತು ಬ್ರಿಟನ್ನಿನ ಕ್ವೇಕರರ ಸಂಸ್ಥೆ ಹಂಚಿಕೊಂಡವು.

ಈಗ ಎನ್‌ಎಸ್‌ಎಸ್ ಪ್ರಶ್ನೆಗೆ ಬರೋಣ. ನಮ್ಮದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ ಶುರುವಾಯಿತು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಶಿಬಿರ. ಗಿಲ್ಫರ್ಡಿನಲ್ಲಿದ್ದ ಬಾನರ್ ಕಾರ್ಯಕ್ರಮದಲ್ಲಿ ವಾರಕ್ಕೆ ಸುಮಾರು 10 ಗಂಟೆ, ನಾಲ್ಕು ವರ್ಷ. ಹೆಚ್ಚಾಗಿ ಕೈ ಬಿಗಿ ಇರುವ ಮನೆಯ ಮಕ್ಕಳಿಗೇ ಅದು, ಸ್ಕಾಲರ್‌ಶಿಪ್ ಸಮೇತ. ಇದು ನನಗೆ ತುಂಬಾ ಹಿಡಿಸಿತು. ಸೇವೆ ಅಂದರೆ ಹೊಟ್ಟೆ ತುಂಬಿದವರ ಹವ್ಯಾಸ ಆಗಬಾರದು ನೋಡಿ. ಸಂಜೆ ಪಾರ್ಟ್‌ಟೈಮ್ ಕೆಲಸಕ್ಕೆ ಓಡಬೇಕಾದ ಹುಡುಗನೂ ಮಕ್ಕಳಿಗೆ ಪಾಠ ಹೇಳಲು ಹೋಗಬಹುದು.

ನಾನು ಸೇರಿದ್ದು ಬೇರೊಂದಕ್ಕೆ. 2015ರಲ್ಲಿ ಸಿರಿಯಾದ ಜನ ಯೂರೋಪಿಗೆ ಓಡಿ ಬರುತ್ತಿದ್ದಾಗ, ಯೂರೋಪಿನ ಒಂದೊಂದು ಚರ್ಚೂ ಒಂದೊಂದು ಕುಟುಂಬಕ್ಕೆ ಜಾಗ ಕೊಡಲಿ ಅಂತ ಪೋಪ್ ಫ್ರಾನ್ಸಿಸ್ ಕರೆಕೊಟ್ಟರು. ಗಿಲ್ಫರ್ಡಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ದಿಯಾ ಅಬ್ದೊ, ಪ್ಯಾಲೆಸ್ಟೀನ್ ಮೂಲದ ಜೋರ್ಡಾನಿನವರು, ಕಾಲೇಜು ಯಾಕೆ ಕೊಡಬಾರದು ಅಂತ ಕೇಳಿದರು. ಅರಬ್ಬಿಯಲ್ಲಿ ಕ್ಯಾಂಪಸ್ಸಿಗೆ ಇರುವ ಪದಕ್ಕೆ ಆಶ್ರಯದ ಜಾಗ ಎಂಬ ಅರ್ಥವೂ ಇದೆಯಂತೆ. ಹಾಗೆ ಕ್ಯಾಂಪಸ್ಸಿನ ಮನೆಗಳಲ್ಲೇ ನಿರಾಶ್ರಿತರನ್ನು ಇಟ್ಟುಕೊಳ್ಳುವುದು ಶುರುವಾಯಿತು. ಮನೆ ಸಜ್ಜು ಮಾಡುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳನ್ನು ನೋಡಿಕೊಳ್ಳುವುದು ಇವೆಲ್ಲ ವಿದ್ಯಾರ್ಥಿಗಳ ಪಾಲು. ಆಮೇಲೆ ಬೇರೆ ಕಾಲೇಜುಗಳೂ ಇದನ್ನು ಎತ್ತಿಕೊಂಡವು.

ನಿರಾಶ್ರಿತರನ್ನು ವಿಮಾನ ನಿಲ್ದಾಣದಲ್ಲಿ ಗುರುತಿಸುವುದು ಸುಲಭವಾಗಿತ್ತು. ಕೈಯಲ್ಲಿ ಐಒಎಂ, ಅಂದರೆ ಅಂತಾರಾಷ್ಟ್ರೀಯ ವಲಸೆ ಸಂಸ್ಥೆ, ಎಂದು ಅಚ್ಚಾದ ಬಿಳಿ ಪ್ಲಾಸ್ಟಿಕ್ ಚೀಲ ಇರುತ್ತಿತ್ತು. ಇಡೀ ಕುಟುಂಬದ ಕಾಗದಪತ್ರ ಅದರಲ್ಲೇ. ಬಂದಿಳಿಯುವ ಹೊತ್ತಿಗೇ ಅವರ ತಲೆ ಮೇಲೆ ವಿಮಾನದ ಟಿಕೆಟ್ಟಿನ ಸಾಲ ಇರುತ್ತಿತ್ತು. ಬಡ್ಡಿ ಇರಲಿಲ್ಲ, ಆದರೆ ಕಂತಿನಲ್ಲಿ ತೀರಿಸಬೇಕಿತ್ತು. ಇದು ಗೊತ್ತಾದ ದಿನ ನಾನು ದಂಗಾದೆ. ಸರ್ಕಾರದ ಪರವಾಗಿ ಸಂಸ್ಥೆಗಳು ಕೊಡುತ್ತಿದ್ದ ಆರಂಭದ ನೆರವು ಸುಮಾರು 90 ದಿನಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕೆಲಸ, ಭಾಷೆ, ಮಕ್ಕಳ ಶಾಲೆ, ಎಲ್ಲವೂ ಆಗಬೇಕಿತ್ತು. ಬಾಡಿಗೆ ಕಟ್ಟಬೇಕಿಲ್ಲದ ಒಂದು ಮನೆ ಅಂಥ ಹೊತ್ತಿನಲ್ಲಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ.

ನನ್ನ ಎಡವಟ್ಟೂ ಹೇಳಿಬಿಡುತ್ತೇನೆ. ಕಾಂಗೋ ಕಡೆಯ ಒಂದು ಕುಟುಂಬ ಬರುವುದಿತ್ತು, ಅಡುಗೆಮನೆ ತುಂಬಿಸುವ ಜವಾಬ್ದಾರಿ ನನ್ನದು. ಭಾರೀ ಹುರುಪಿನಲ್ಲಿ ಪಾಸ್ತಾ, ಸೂಪಿನ ಡಬ್ಬಿ, ಬ್ರೆಡ್ಡು, ಒಂದು ದೊಡ್ಡ ಓಟ್ಸ್ ಡಬ್ಬಿ ತಂದು ಕಪಾಟಿನಲ್ಲಿ ಅಂದವಾಗಿ ಜೋಡಿಸಿದೆ. ಫೋಟೋನೂ ತೆಗೆದೆ, ಸುಳ್ಳ್ಯಾಕೆ. ಮನೆಯ ಹಿರಿಯ ಹೆಂಗಸು ಕಪಾಟು ತೆಗೆದರು, ನೋಡಿದರು, ಮೆಲ್ಲಗೆ ಮುಚ್ಚಿದರು. ಮೂರನೇ ದಿನ ಹೋದರೆ ಖಾಲಿಯಾಗಿದ್ದು ಬ್ರೆಡ್ಡು ಮಾತ್ರ.

ವಾರದ ಸಭೆಯಲ್ಲಿ ಎಂದಿನ ಹಾಗೆ ಮೊದಲು ಮೌನ. ಆಮೇಲೆ ನಾನು ನನ್ನ ಪಟ್ಟಿ ಓದಿದೆ. ಹಿರಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಒಂದೇ ಮಾತು. ‘ಅವರನ್ನು ಕೇಳಿದೆಯಾ?’ ಯಾರೂ ಬೈಯಲಿಲ್ಲ. ಮತ್ತೆ ಎಲ್ಲರೂ ಸುಮ್ಮನಾದರು. ಬೈದಿದ್ದರೇ ಚೆನ್ನಾಗಿತ್ತು.

ಮಾರನೇ ದಿನ ಆಕೆಯನ್ನು ಆಫ್ರಿಕಾದ ಸಾಮಾನು ಸಿಗುವ ಅಂಗಡಿಗೆ ಕರೆದುಕೊಂಡು ಹೋದೆ. ಆಕೆಗೆ ಇಂಗ್ಲಿಷ್ ಬಾರದು, ನನಗೆ ಸ್ವಾಹಿಲಿ ಬಾರದು. ಆಕೆ ಕೆಂಪು ತಾಳೆ ಎಣ್ಣೆ, ಮರಗೆಣಸಿನ ಸೊಪ್ಪು, ಒಣಮೀನು ತೆಗೆದುಕೊಂಡರು. ಕೊನೆಗೆ ಬಾಳೆಕಾಯಿ ರಾಶಿಯ ಮುಂದೆ ನಿಂತು ಒಂದೊಂದನ್ನೇ ಅಮುಕಿ ನೋಡತೊಡಗಿದರು. ಮನೆಗೆ ಬಂದು ಸಿಪ್ಪೆ ತೆಗೆಯುವ ಮುಂಚೆ ಅಂಗೈಗೆ ಎಣ್ಣೆ ಸವರಿಕೊಂಡರು, ಸೊನೆ ಅಂಟದಿರಲಿ ಅಂತ. ನಾನೂ ಕೈ ಚಾಚಿದೆ. ನಮ್ಮ ಅಮ್ಮ ಮಾಡುವುದೂ ಹೀಗೇ. ಅಂದು ಇಬ್ಬರೂ ಕೂತು ಎರಡು ಡಜನ್ ಸುಲಿದೆವು.

ನನ್ನ ಮಟ್ಟಿಗೆ ವ್ಯತ್ಯಾಸ ಇರುವುದು ಇಲ್ಲಿ. ನಮ್ಮ ಎನ್‌ಎಸ್‌ಎಸ್ ಶಿಬಿರಕ್ಕೆ ಹೊರಡುವ ಮೊದಲೇ ಊರಿಗೆ ಏನು ಬೇಕು ಅನ್ನುವುದು ನೋಟೀಸ್ ಬೋರ್ಡಿನಲ್ಲಿ ಬರೆದಿತ್ತು: ಚರಂಡಿ ಸ್ವಚ್ಛತೆ, ಸಸಿ ನೆಡುವುದು, ಜಾಥಾ. ಊರಿನವರು ಜಗುಲಿ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ಹಾಗಂತ ಎನ್‌ಎಸ್‌ಎಸ್ ಬಗ್ಗೆ ನನಗೆ ತಾತ್ಸಾರವಿಲ್ಲ. ಜನ್ಮದಲ್ಲಿ ಜೊತೆಗೆ ಉಣ್ಣದವರ ಮನೆಯ ಮಕ್ಕಳೆಲ್ಲ ಒಂದೇ ಹಂಡೆಯ ಅನ್ನಸಾರು ಉಂಡು, ಶಾಲೆಯ ನೆಲದ ಮೇಲೆ ಸಾಲಾಗಿ ಮಲಗಿದ್ದು ಅಲ್ಲೇ. ಅಂಥದ್ದು ನನಗೆ ಆ ದುಬಾರಿ ಕಾಲೇಜಿನಲ್ಲಿ ಸಿಗಲಿಲ್ಲ.

ವಿದ್ಯಾರ್ಥಿಗಳ ಸೇವೆಗೆ ಎಲ್ಲೇ ಆದರೂ ಒಂದು ಶಾಪವಿದೆ: ಕ್ಯಾಲೆಂಡರು. ಡಿಸೆಂಬರಿನಲ್ಲಿ ಪರೀಕ್ಷೆ ಮುಗಿದರೆ ಕ್ಯಾಂಪಸ್ ಖಾಲಿ. ಮಗುವಿಗೆ ಜ್ವರ ಬರುವುದು ಸೆಮಿಸ್ಟರ್ ನೋಡಿಕೊಂಡಲ್ಲ. ನನಗೆ ಊರಿಗೆ ಹೋಗಲು ಟಿಕೆಟ್ಟಿಗೆ ದುಡ್ಡಿರಲಿಲ್ಲ, ಹಾಗಾಗಿ ಆ ರಜೆಯಲ್ಲಿ ಅಲ್ಲೇ ಉಳಿದೆ. ತ್ಯಾಗ ಗೀಗ ಏನಿಲ್ಲ.

ಕೆಲವು ತಿಂಗಳಾದ ಮೇಲೆ ಆ ಕುಟುಂಬ ಊರೊಳಗೆ ಬಾಡಿಗೆ ಮನೆ ಹಿಡಿಯಿತು. ಸಾಮಾನು ಸಾಗಿಸಲು ನಾನೂ ಹೋಗಿದ್ದೆ. ಕೊನೆಯ ಪೆಟ್ಟಿಗೆ ಕಾರಿಗೆ ಏರಿದ ಮೇಲೆ ಆಕೆ ಒಳಗೆ ಹೋಗಿ, ಸೆರಗಿನ ಥರ ಹೊದ್ದಿದ್ದ ಬಟ್ಟೆಯಲ್ಲಿ ಏನನ್ನೋ ಒರೆಸುತ್ತಾ ಬಂದು ನನ್ನ ಕೈಗಿಟ್ಟರು. ಓಟ್ಸ್ ಡಬ್ಬಿ. ಸೀಲ್ ಕೂಡ ಒಡೆದಿರಲಿಲ್ಲ. ಆ ಸೆಮಿಸ್ಟರ್ ಮುಗಿಯುವ ತನಕ ಬೆಳಗಿನ ತಿಂಡಿಗೆ ನಾನು ಅದನ್ನೇ ತಿಂದೆ.