ಒಂದು ~ ಬಿಟ್ಟುಹೋಗಿತ್ತು

ಆಗಸ್ಟ್ 24, 2025, ಭಾನುವಾರ

ಗೌರಿ ಹಬ್ಬಕ್ಕೆ ಎರಡು ದಿನ ಮೊದಲೇ ಊರಿಗೆ ಬಂದೆ. ದೊಡ್ಡಪ್ಪನ ಕಂಪ್ಯೂಟರಿನಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಅದನ್ನು 12ರಿಂದ 13ಕ್ಕೆ, ಅಂದರೆ ಬುಕ್‌ವರ್ಮ್‌ನಿಂದ ಟ್ರಿಕ್ಸಿಗೆ ಏರಿಸಬೇಕಿತ್ತು. ಟ್ರಿಕ್ಸಿ ಬಂದು ಇವತ್ತಿಗೆ ಹದಿನೈದು ದಿನ. ತಿಂಡಿ ಮುಗಿಸಿ ಕೂತವನು ಊಟದ ಹೊತ್ತಿಗೆ ಎದ್ದೆ. ರೀಬೂಟ್ ಆಯಿತು, ಪ್ರಿಂಟರೂ ಓಡಿತು.

ಆಮೇಲೆ ಡೆಬಿಯನ್‌ನ ಭಂಡಾರದಲ್ಲಿ ಇಲ್ಲದ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಏನಾದರೂ ಉಳಿದಿದೆಯಾ ಅಂತ ಪಟ್ಟಿ ತೆಗೆದೆ. ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್ ಉಳಿದಿತ್ತು. ಅದು ಬಳಸುವ ಕೋಡ್‌ನ ಕಟ್ಟು, ಅಂದರೆ ಅದರ ಲೈಬ್ರರಿಯೂ ಇತ್ತು. ಎರಡೂ ನಾನೇ ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಟ್ಟಿ ಹಾಕಿದ್ದವು. ಜೊತೆಗೆ ಯೂನಿಕೋಡ್ ಅಕ್ಷರಗಳನ್ನು ನಿಭಾಯಿಸುವ, ಬುಕ್‌ವರ್ಮ್ ಕಾಲದ ಲೈಬ್ರರಿ ಲಿಬ್‌ಐಸಿಯು72. ಟ್ರಿಕ್ಸಿಯಲ್ಲಿ ಇರುವುದು ಲಿಬ್‌ಐಸಿಯು76.

ದೊಡ್ಡಪ್ಪ ಹಳೆಯ ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್‌ನಿಂದ ಅಕ್ಷರ ಓದಿಸುತ್ತಾರೆ. ಯಾವ ಸಾಲು ಪುಟದ ಯಾವ ಜಾಗದಲ್ಲಿದೆ ಎಂಬುದು ಅವರಿಗೆ ಮುಖ್ಯ. ಅದಕ್ಕೆ ಆ ಜಾಗಗಳನ್ನೂ ಬರೆದಿಡುವ ಪೇಜ್ ಎಕ್ಸ್‌ಎಂಎಲ್ ಕಡತ ಬೇಕಿತ್ತು, ಅದು ಬಂದಿದ್ದು ಟೆಸರಾಕ್ಟ್ 5.5ರಲ್ಲಿ. ಬುಕ್‌ವರ್ಮ್‌ನಲ್ಲಿ ಇದ್ದದ್ದು 5.3. ಡೆಬಿಯನ್‌ನ ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್‌ನಿಂದ ಸಿದ್ಧ ಪ್ಯಾಕೇಜನ್ನೇ ಎತ್ತಿ ತಂದು ಹಾಕುವ ಹಾಗಿರಲಿಲ್ಲ. ಅದು ಅಲ್ಲಿನ ಹೊಸ ಲೈಬ್ರರಿಗಳ ಮೇಲೆ ಕಟ್ಟಿದ್ದು, ಅವನ್ನೇ ಕೇಳುತ್ತದೆ. ಒಂದನ್ನು ಕೊಟ್ಟರೆ ಇನ್ನೊಂದು, ಕೊನೆಗೆ ಎಲ್ಲಕ್ಕೂ ಬುಡವಾದ ಜಿಲಿಬ್‌ಸಿವರೆಗೂ ಹೋಗುತ್ತದೆ. ಅರ್ಧ ಅದು ಅರ್ಧ ಇದು ಆದ ಕಂಪ್ಯೂಟರನ್ನು ಸರಿಮಾಡುವ ಕಷ್ಟ ಯಾರಿಗೂ ಬೇಡ. ಹಾಗಾಗಿ ಸೋರ್ಸ್ ತಂದು ಬುಕ್‌ವರ್ಮ್ ಮೇಲೆಯೇ ಮತ್ತೆ ಕಟ್ಟಿದೆ. ಬ್ಯಾಕ್‌ಪೋರ್ಟ್ ಅಂದರೆ ಇಷ್ಟೇ: ಹೊಸ ಸೋರ್ಸ್, ಹಳೆಯ ನೆಲ. ಆ ಕೆಲಸ ಸರಿಯಾಗೇ ಮಾಡಿದ್ದೆ.

ತಪ್ಪಿದ್ದು ಹೆಸರಿನಲ್ಲಿ. ಆವೃತ್ತಿಗೆ 5.5.0-1+ಲೋಕಲ್1 ಅಂತ ಬರೆದಿದ್ದೆ. ಡೆಬಿಯನ್‌ನ ಬ್ಯಾಕ್‌ಪೋರ್ಟ್ ತಂಡ ಹಾಗೆ ಬರೆಯುವುದಿಲ್ಲ. ಅವರದು 5.5.0-1~ಬಿಪಿಒ12+1 ಥರ ಇರುತ್ತದೆ. ಆ ~ ಗುರುತು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಲ್ಲ. ಡೆಬಿಯನ್ ಆವೃತ್ತಿಗಳನ್ನು ಹೋಲಿಸುವಾಗ ~ ಎಲ್ಲಕ್ಕಿಂತ ಕೆಳಗೆ ಬರುತ್ತದೆ. ಅದರ ಜಾಗದಲ್ಲಿ ಏನೂ ಇಲ್ಲದಿದ್ದರೆ, ಆ 'ಏನೂ ಇಲ್ಲ'ಕ್ಕಿಂತಲೂ ಕೆಳಗೆ. ಅಂದರೆ ಬ್ಯಾಕ್‌ಪೋರ್ಟ್ ಯಾವಾಗಲೂ ಅಸಲಿ 5.5.0-1ಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತಿರುತ್ತದೆ. ಮುಂದಿನ ಬಿಡುಗಡೆ ಬಂದ ಕೂಡಲೇ ತಾನಾಗಿ ಜಾಗ ಬಿಡುತ್ತದೆ. ಎಷ್ಟು ಯೋಚಿಸಿ ಮಾಡಿದ್ದಾರೆ ಅಲ್ವಾ! ನನಗೆ ಇದು ಡೆಬಿಯನ್‌ನಲ್ಲೇ ತುಂಬಾ ಇಷ್ಟವಾದ ವಿಷಯ.

ನಾನು ಹಾಕಿದ್ದ + ಮೇಲಕ್ಕೆ ಎತ್ತುತ್ತದೆ. ಟ್ರಿಕ್ಸಿಯ ಟೆಸರಾಕ್ಟ್ ಕೂಡ 5.5.0-1 ಸಾಲಿನದೇ. ಪ್ಯಾಕೇಜ್ ಹಾಕುವ ಆಪ್ಟ್ ಎರಡನ್ನೂ ನೋಡಿತು, ಒಳಗಿರುವುದೇ ಹೊಸದು ಅಂತ ತಿಳಿದು ಹಾಗೇ ಬಿಟ್ಟಿತು. ತಪ್ಪಾಗಿದೆ ಅನ್ನುವ ಒಂದು ಸೂಚನೆಯೂ ಬರಲಿಲ್ಲ. ಟೆಸರಾಕ್ಟ್ ಓಡುತ್ತಲೇ ಇತ್ತು. ಪಟ್ಟಿ ತೆಗೆಯದೆ ಹೋಗಿದ್ದರೆ ಭದ್ರತಾ ತಿದ್ದುಪಡಿ ಬಾರದ ಲೈಬ್ರರಿಯ ಮೇಲೆ ದೊಡ್ಡಪ್ಪ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದರು.

ಅದೇ ಕಂಪ್ಯೂಟರಿಗೆ ಬ್ಯಾಕ್‌ಪೋರ್ಟ್ಸ್‌ನಿಂದ ಲಿನಕ್ಸ್‌ನ ತಿರುಳಾದ ಕರ್ನಲ್ 6.12 ಕೂಡ ಹಾಕಿದ್ದೆ. ಅದು ಟ್ರಿಕ್ಸಿಯ 6.12ಕ್ಕೆ ಸದ್ದಿಲ್ಲದೆ ದಾಟಿತ್ತು. ಅದರ ಹೆಸರಿನಲ್ಲಿ ~ ಇತ್ತು.

"ಏನೋ, ಇನ್ನೂ ಮುಗಿದಿಲ್ವಾ?" ಅಂತ ದೊಡ್ಡಪ್ಪ ಬಂದು ನಿಂತರು.

"ಮುಗೀತು ದೊಡ್ಡಪ್ಪ, ಒಂದನ್ನ ಕೆಳಗೆ ಇಳಿಸಬೇಕು."

"ಏರಿಸೋಕೆ ಬಂದವನು ಇಳಿಸ್ತೀನಿ ಅಂತೀಯಲ್ಲೋ!"

ಆಪ್ಟ್ ತಾನಾಗಿ ಯಾವುದನ್ನೂ ಇಳಿಸುವುದಿಲ್ಲ, ನಾವೇ ಹೇಳಬೇಕು. ಟೆಸರಾಕ್ಟನ್ನೂ ಅದರ ಲೈಬ್ರರಿಯನ್ನೂ ಹೆಸರಿಸಿ, ಎರಡರ ಮುಂದೆಯೂ ಟ್ರಿಕ್ಸಿ ಅಂತ ಬರೆದು ಒಟ್ಟಿಗೆ ಕೊಟ್ಟೆ. ಇಳಿಸಲೇ ಅಂತ ಕೇಳಿತು, ಹೂಂ ಅಂದೆ. ಆಮೇಲೆ ಬೇಡದ್ದನ್ನು ತೆಗೆಯಲು ಹೇಳಿದೆ. ಲಿಬ್‌ಐಸಿಯು72 ಹೋಯಿತು.

ದೊಡ್ಡಪ್ಪ ಒಂದು ಪುಟ ಓದಿಸಿ ನೋಡಿದರು. ಒತ್ತಕ್ಷರಗಳು ಮೊದಲಿನ ಹಾಗೇ ಅಲ್ಲಲ್ಲಿ ತಪ್ಪಿದ್ದವು, ಸಾಲುಗಳು ಸರಿಯಾದ ಜಾಗದಲ್ಲಿ ಬಂದಿದ್ದವು.

ನನ್ನ ಲ್ಯಾಪ್‌ಟಾಪ್ ಇನ್ನೂ ಬುಕ್‌ವರ್ಮ್‌ನಲ್ಲೇ ಇದೆ. ಅದರಲ್ಲೂ ಅದೇ +ಲೋಕಲ್1 ಕೂತಿದೆ. ರಾತ್ರಿ ಊಟ ಆದ ಮೇಲೆ ~ಬಿಪಿಒ12+1 ಅಂತ ಹೆಸರು ತಿದ್ದಿ ಕಟ್ಟಲು ಹಚ್ಚಿದ್ದೇನೆ. ಅದನ್ನೂ ಕೈಯಾರೆ ಇಳಿಸಬೇಕು, ಹಳೆಯದು ಈಗಲೂ ಮೇಲೆಯೇ ಇದೆ.