ಆಫೀಸ್ ಟೂರ್ ನಡುವೆ ನೇತ್ರಾಣಿ

ಜನವರಿಯಲ್ಲಿ ಆಫೀಸ್ ಕೆಲಸದ ಮೇಲೆ ಎರಡು ದಿನ ಬೆಂಗಳೂರಿನಿಂದ ಮಂಗಳೂರಿಗೆ ಹೋಗಬೇಕಾಯಿತು. ಗೇರುಬೀಜದ ಫ್ಯಾಕ್ಟರಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ. ಗುರುವಾರ, ಶುಕ್ರವಾರ ಫ್ಯಾಕ್ಟರಿ, ಶನಿವಾರ ರಾತ್ರಿ ವಿಮಾನ. ಟಿಕೆಟ್ ನೋಡಿದ ಕೂಡಲೇ ನೇತ್ರಾಣಿ ನೆನಪಾಯಿತು.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಸಮುದ್ರದ ನಡುವೆ ಇರುವ ದ್ವೀಪ ಅದು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಡೈವಿಂಗ್ ಅಲ್ಲಿದೆ. ಮಳೆಗಾಲದಲ್ಲಿ ಅದು ಬಂದ್. ಶನಿವಾರ ಬೆಳಿಗ್ಗೆ ಮುಳುಗಿ ಎದ್ದು, ರಾತ್ರಿ ವಿಮಾನಕ್ಕೆ ಮಂಗಳೂರಿಗೆ ಓಡಿ ಬರೋದು ಅಂತ ಲೆಕ್ಕ ಹಾಕಿದೆ. ಡೈವಿಂಗ್ ಸೆಂಟರಿಗೆ ಫೋನ್ ಮಾಡಿದರೆ, ಈಜು ಬರುತ್ತಾ ಅಂತಲೂ ಕೇಳದೆ ಆ ಹುಡುಗ, "ವಾಪಸ್ ವಿಮಾನದಲ್ಲಾ ಸರ್? ಎಷ್ಟು ಗಂಟೆಗೆ?" ಅಂದ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಆಗ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಜಾಸ್ತಿ ಕರಗುತ್ತದೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ, ಅಲ್ಲಿ ಒತ್ತಡ ಕಡಿಮೆ ನೋಡಿ, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಒಂದೇ ಸಲ ಮುಳುಗಿದರೂ ಕನಿಷ್ಠ 12 ಗಂಟೆ ಕಾಯಬೇಕು, ಹೆಚ್ಚು ಸಲವಾದರೆ 18.

"ಹಾಗಾದ್ರೆ ರಾತ್ರಿ ಬಸ್ಸಿಗೆ ಹೋಗ್ತೀನಿ."

"ಘಾಟಿ ಹತ್ತೋದೂ ಮೇಲಕ್ಕೇ ಅಲ್ವಾ ಸರ್?"

ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದೆ. ಅದು ನನ್ನ ರಕ್ತಕ್ಕೂ ಸಂಬಂಧಪಟ್ಟ ವಿಷಯ ಅಂತ ಯಾರೂ ಹೇಳಿರಲಿಲ್ಲ. ಕೈಯಿಂದ ದುಡ್ಡು ಹಾಕಿ ಟಿಕೆಟನ್ನು ಭಾನುವಾರ ಸಂಜೆಗೆ ಬದಲಿಸಿದೆ. ಬಾಸ್‌ಗೆ "ಮುರುಡೇಶ್ವರ ದರ್ಶನ" ಅಂದೆ. ಪೂರ್ತಿ ಸುಳ್ಳೇನಲ್ಲ.

ಎರಡು ದಿನದ ಎಸಿಗೆ ಮೂಗು ಕಟ್ಟಿತು. ಮೂಗು ಕಟ್ಟಿದ್ದರೆ ನೀರಿಗಿಳಿಸಲ್ಲ ಅಂತ ಡೈವಿಂಗ್ ಸೆಂಟರಿನವರು ಮೊದಲೇ ಹೇಳಿದ್ದರು. ಕಷಾಯ ಕುಡಿದೇ ಕುಡಿದೆ. ಶನಿವಾರ ಬೆಳಿಗ್ಗೆ ಏಳುವಾಗ ಮೂಗು ಸಡಿಲವಾಗಿತ್ತು.

ದೋಣಿ ದೂರ ಹೋದಂತೆ 123 ಅಡಿಯ ಶಿವ ಹೆಬ್ಬೆರಳಿನಷ್ಟಾದ. ಆಮೇಲೆ ಕಾಣಲೇ ಇಲ್ಲ. ಅಲೆಗೆ ಇಬ್ಬರು ವಾಂತಿ ಮಾಡಿಕೊಂಡರು. ನಾನು ಮೂರನೆಯವನಾಗದಿರಲು ದೂರದ ಗುಡ್ಡವನ್ನೇ ನೋಡುತ್ತಾ ಕೂತೆ.

ನನ್ನಂಥ ಲೈಸೆನ್ಸ್ ಇಲ್ಲದವರನ್ನು ಇನ್‌ಸ್ಟ್ರಕ್ಟರ್ ಹಿಂದಿನಿಂದ ಹಿಡಿದೇ ಇಳಿಸುತ್ತಾರೆ. "ಉಸಿರು ಕಟ್ಟಬೇಡಿ. ಕಿವಿ ನೋವಾದ್ರೆ ತೋರಿಸಿ, ಹೀರೋ ಆಗ್ಬೇಡಿ." ಎರಡು ಮೀಟರಿಗೇ ಎಡಕಿವಿ ಹಠ ಹಿಡಿಯಿತು. ಸ್ವಲ್ಪ ಮೇಲೆ ಬಂದು, ಮೂಗು ಹಿಡಿದು ಮೆಲ್ಲಗೆ ಊದಿದೆ. ಟಪ್ ಅಂತ ಬಿಟ್ಟಿತು. ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ತಗೊಳ್ಳಿ, ಅವನು ನನ್ನನ್ನು ಸೀದಾ ನೀರಿನ ಮೇಲಕ್ಕೆ ತಂದ! ಡೈವಿಂಗ್‌ನಲ್ಲಿ ಹೆಬ್ಬೆರಳು ಎತ್ತಿದರೆ "ಮೇಲೆ ಹೋಗೋಣ" ಅಂತ. ಸರಿ ಇದೆ ಅನ್ನೋಕೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ದೋಣಿಯಲ್ಲಿ ಎರಡೆರಡು ಸಲ ಹೇಳಿದ್ದ. ನಾನು ಗುಡ್ಡ ನೋಡುತ್ತಿದ್ದೆ.

ಮತ್ತೆ ಇಳಿದೆವು. ಈ ಸಲ ಕಿವಿ ಸುಮ್ನೆ ಇತ್ತು. ಕಿರಿಕಿರಿ ಅಂತ ಶಬ್ದ. ನೋಡಿದರೆ ಗಿಳಿಮೀನು ಬಂಡೆಯನ್ನು ಕಚ್ಚಿ ತಿನ್ನುತ್ತಿದೆ. ಹಳದಿ ಚಿಟ್ಟೆಮೀನುಗಳು ಜೋಡಿಯಾಗಿ, ಹೊಸದಾಗಿ ಮದುವೆಯಾದವರ ಹಾಗೆ, ಒಂದನ್ನೊಂದು ಬಿಡದೆ ಸುತ್ತುತ್ತಿದ್ದವು. ಕಟೀಲಿನಲ್ಲಿ ಅಮ್ಮ ಕಟ್ಟಿಸಿದ್ದ ಕೆಂಪು ದಾರ ಕೈಯಲ್ಲಿ ಕಂದಾಗಿ ಕಂಡಿತು. ಗಾಬರಿಯಾಯಿತು. ನೀರು ಮೊದಲು ನುಂಗೋದೇ ಕೆಂಪು ಬಣ್ಣವನ್ನಂತೆ. ಮೇಲೆ ಬಂದಾಗ ದಾರ ಮತ್ತೆ ಕೆಂಪಗಿತ್ತು. ಒಳಗಿದ್ದದ್ದು ಇಪ್ಪತ್ತು ನಿಮಿಷವಂತೆ, ನನಗೆ ಐದೇ ನಿಮಿಷ ಅನಿಸಿತು.

ಸಂಜೆ ಬಾಸ್‌ಗೆ ಕೊಟ್ಟ ಮಾತಿನಂತೆ ದೇವಸ್ಥಾನಕ್ಕೆ ಹೋದೆ. ಬಗ್ಗಿ ನಮಸ್ಕಾರ ಮಾಡುವಾಗ ಮೂಗಿನಿಂದ ಬಳಬಳ ಅಂತ ಉಪ್ಪುನೀರು ನೆಲಕ್ಕೆ ಸುರಿಯಿತು. ಪಕ್ಕದಲ್ಲಿದ್ದ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

"ಎಂತ ಮಾರಾಯ, ಇಷ್ಟು ನೆಗಡಿಯಾ?"

"ಇಲ್ಲ ಅಜ್ಜಿ, ಸಮುದ್ರ" ಅಂದೆ.